ನರಳದವನ ಸೊಂಟ

“ಗುಳಿಗಿ ಸಾಕ್ರಿ, ಮಾಲೀಸ ಮಾಡಿಸ್ರಿ, ಮೈ ಮನಸು ಎರಡೂ ಹಗುರ ಆಗತಾವು” ಎಂದೇನೋ ಮಿರಜದ ಡಾಕ್ಟರು ಅಂದಿದ್ದರು, ಗೆಳೆಯರೇ. ಸ್ಕೂಟರಿಗೆ ಕಿಕ್ ಹೊಡೆದು ಸೊಂಟ ಹಿಡಿದಿತ್ತು. ಚಪ್ಪಲಿ ಹಾಕಿಕೊಳ್ಳಲೂ ಬಗ್ಗಲಾಗುತ್ತಿರಲಿಲ್ಲ. ಇವತ್ತು ಅಲಖನೂರಿನ ಹಳೆಯ ಪೈಲ್ವಾನ ಈರಪ್ಪ ಕಾಕಾನನ್ನು ಕರೆಸಿದೆ. ಎಣ್ಣೆ ಹಚ್ಚಿ ಮೊಣಕೈ ಊರಿದ. ಹಲ್ಲು ಕಚ್ಚಿ ಸುಮ್ಮನಿದ್ದೆ.

“ನರಳ್ರಿ ಮಾಸ್ತರ್ರ. ನರಳದಿದ್ರ ನರಾ ಸಡ್ಲ ಆಗೇತೋ ಇಲ್ಲೋ ನನಗ ಹ್ಯಾಂಗ ತಿಳೀಬೇಕು?”

“ನನಗ ರೂಢಿ ಇಲ್ಲ ಕಾಕಾ.”

“ಹಂಗಾರ ಇನ್ನಾ ಸಡ್ಲ ಆಗಿಲ್ಲ” ಎಂದು ಮೊಣಕಾಲನ್ನೇ ಊರಿದ. ಈಗ ಕುತ್ತಿಗೆಯೂ ತಿರುಗುತ್ತಿಲ್ಲ.

ಹೋಗುವಾಗ ಹೇಳಿದ: “ನಿಮ್ಮಪ್ಪಾರು ಛಲೋ ಇದ್ರು ನೋಡ್ರಿ. ಕೈ ಇಟ್ರ ಸಾಕು, ಓಣಿಗೆಲ್ಲಾ ಕೇಳೂಹಂಗ ನರಳತಿದ್ರು.”

ಬಿದ್ದರೂ ಅಳಬಾರದೆಂದು ನನ್ನನ್ನು ಬೆಳೆಸಿದ ಅಪ್ಪಾ, ನೀನು ಇವನ ಮುಂದೆ ಮಾತ್ರ ಯಾಕೆ ನರಳುತ್ತಿದ್ದೆ?