ಕಲ್ಲಮ್ಮನ ಜಗಲಿಯಲ್ಲಿ ಒತ್ತು ಶಾವಿಗೆ

ಕಡೂರಿನ ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಓಂಕಾರೇಶನಿಗೆ ದೇವರು ನಾಲಿಗೆಯನ್ನು ಮಾತಿಗೆ ಕೊಟ್ಟಿಲ್ಲ, ರುಚಿಗೆ ಕೊಟ್ಟಿದ್ದಾನೆ. ಮದುವೆಗೆ ಹೋಗಿ ಬಂದವರನ್ನು ಹುಡುಗಿ ಹೇಗಿದ್ದಾಳೆ ಎಂದು ಕೇಳುವ ಮೊದಲು ಸಾರು ಹೇಗಿತ್ತು ಎಂದು ಕೇಳುವ ಮನುಷ್ಯ. ಹೆಂಡತಿ ಶಾಂಭವಿ ಮದುವೆಯಾದ ಹೊಸದರಲ್ಲೇ ಇದನ್ನು ಕಂಡುಕೊಂಡಳು. ಅಂದಿನಿಂದ ಊಟದ ಹೊತ್ತಿನ ಅವನ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾಳೆ.

ತರೀಕೆರೆಯಲ್ಲಿರುವ ಇವನ ಗೆಳೆಯ ಪರಮೇಶ್ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿದ್ದ. ದೊಡ್ಡ ಊರುಗಳಲ್ಲಿ ಜನ ಗುಂಪು ಕಟ್ಟಿಕೊಂಡು, ಅಂಗಡಿಗೊಂದು ತುತ್ತು ತಿನ್ನುತ್ತ ಬೀದಿ ಸುತ್ತುತ್ತಾರಂತೆ. "ಲೇ, ನಿಮ್ಮೂರಲ್ಲೂ ಹಂಗೊಂದು ಮಾಡ್ಸೋ. ನಮ್ಮ ಹುಡುಗ್ರನ್ನ ಕರ್ಕೊಂಡ್ ಬತ್ತೀನಿ" ಎಂದ. ಓಂಕಾರೇಶನಿಗೆ ಅಷ್ಟೇ ಸಾಕಾಯಿತು. ಪೇಟೆಯ ಹೋಟೆಲನ್ನು ಯಾರು ಬೇಕಾದರೂ ತೋರಿಸಿಯಾರು, ರೈಲ್ವೆ ಗೇಟಿನಾಚೆಯ ತನ್ನ ಬಡಾವಣೆಯನ್ನು ತೋರಿಸಲು ತಾನೇ ಆಗಬೇಕು ಎಂದು ಹಿಗ್ಗಿದ.

ವಾರವೆಲ್ಲ ಅದೇ ಯೋಚನೆ. ಮೊದಲು ಪಂಕಜಾಕ್ಷಿಯ ತಟ್ಟೆ ಇಡ್ಲಿ, ಆಮೇಲೆ ಕಲ್ಲಮ್ಮನ ಒತ್ತು ಶಾವಿಗೆ, ಅಲ್ಲಿಂದ ಅಂಜಿನಪ್ಪನ ಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಶಾವಿಗೆಯನ್ನು ಕೊನೆಗಿಟ್ಟರೆ ಆರಿ ಗಟ್ಟಿಯಾಗುತ್ತದೆ. ಮೊದಲಿಗಿಟ್ಟರೆ ಅದರ ಜೊತೆಯ ಸಿಹಿ ಕಾಯಿಹಾಲು ಕುಡಿದ ಬಾಯಿಗೆ ಇಡ್ಲಿ ಸಪ್ಪೆ. "ಮಗಳ ಮದ್ವೇಗೂ ಇಷ್ಟು ತಲೆ ಕೆಡಿಸ್ಕೊಳ್ಳಲ್ಲ ನೀವು" ಎಂದು ಶಾಂಭವಿ ನಕ್ಕಳು.

ಕಲ್ಲಮ್ಮ ಓಂಕಾರೇಶನಿಗೆ ದೊಡ್ಡಮ್ಮ. ಹೇಳಿದವರಿಗೆ ಮನೆಯಲ್ಲೇ ಶಾವಿಗೆ ಒತ್ತಿ ಕೊಡುತ್ತಾರೆ. ಸುದ್ದಿ ಹೇಳಲು ಹೋದರೆ ಅವರದು ಬೇರೆಯೇ ಲೆಕ್ಕ. "ನಿನ್ ಸ್ನೇಹಿತ್ರು ಅಂದ್ರೆ ಮನೆಗ್ ಬಂದೋರು ಕಣಪ್ಪಾ. ನಿಲ್ಸಿ ಕೈಗೆ ಕೊಡಕ್ಕಾಗುತ್ತಾ? ಜಗಲೀಲಿ ಎಲೆ ಹಾಕ್ತೀನಿ" ಎಂದರು.

ಪೇಚಿಗೆ ಬಂದದ್ದು ಇಲ್ಲೇ. ಮಠದ ದಾಸೋಹದಲ್ಲಿ ಉಂಡು ಬೆಳೆದ ಮನೆತನ ಅದು. ಎಲೆಗೆ ಬಿದ್ದದ್ದು ಪ್ರಸಾದ, ಅದರಲ್ಲಿ ಒಂದು ಅಗುಳನ್ನೂ ಬಿಡುವಂತಿಲ್ಲ. ಓಂಕಾರೇಶನ ಅಪ್ಪ ತಟ್ಟೆ ತೊಳೆದ ನೀರನ್ನೂ ಕುಡಿಯುತ್ತಿದ್ದರು. "ದೊಡ್ಡಮ್ಮ, ಎಲ್ಲರಿಗೂ ಒಂದೊಂದು ಹಿಡಿ ಸಾಕು" ಎಂದು ಅಲ್ಲೇ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬಡಿಸುವವರ ಕೈ ಹಿಡಿದಂತಾಗುತ್ತದೆ, ಬೇಜಾರು ಮಾಡಿಕೊಂಡಾರು ಎಂದು ಹೆದರಿ ತಲೆಯಾಡಿಸಿ ಬಂದುಬಿಟ್ಟ.

ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನುವಾಗ ಗೆಳೆಯರಿಗೆ ಗುಟ್ಟಾಗಿ ಹೇಳಿದ, "ದೊಡ್ಡಮ್ಮ ಗುಡ್ಡೆ ಹಾಕ್ತಾರೆ. ಬ್ಯಾಡ ಅನ್ಬೇಡ್ರಪ್ಪಾ, ನೊಂದ್ಕೋತಾರೆ. ಬಾಯಿಗಿಟ್ಟು ರುಚಿ ನೋಡಿ, ಮಿಕ್ಕಿದ್ದು ಬಿಟ್ಟೇಳಿ. ಮುಂದೆ ಬಜ್ಜಿ ಐತೆ." ದೊಡ್ಡಮ್ಮನ ಮರ್ಯಾದೆ ಉಳಿಸಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ ಪೆದ್ದ.

ಜಗಲಿಯಲ್ಲಿ ಚಾಪೆ ಹಾಸಿತ್ತು. ರಾತ್ರಿಯೇ ಅಕ್ಕಿ ನೆನೆಸಿ, ಬೆಳಿಗ್ಗೆ ರುಬ್ಬಿ, ಉಂಡೆ ಬೇಯಿಸಿ, ಬಿಸಿ ಆರುವ ಮುಂಚೆ ಶಾವಿಗೆ ಒರಳಿನಲ್ಲಿ ಒತ್ತಿದ್ದು. ಆ ವಯಸ್ಸಿನಲ್ಲಿ ಒರಳಿನ ಹಿಡಿ ತಿರುಗಿಸಿ ಕಲ್ಲಮ್ಮನ ಅಂಗೈ ಕೆಂಪಾಗಿತ್ತು. ಎಲ್ಲರಿಗೂ ಎಲೆ ತುಂಬ ಬಡಿಸಿ, ಎಳ್ಳುಪುಡಿ ಉದುರಿಸಿ, ಕಾಯಿಹಾಲು ಸುರಿದು, ಎರಡನೆಯ ಸಲಕ್ಕೆ ಬಿಸಿಯಾಗಿಯೇ ಇರಲೆಂದು ಮತ್ತಷ್ಟು ಒತ್ತಲು ಒಳಗೆ ಹೋದರು.

ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ಗೆಳೆಯರು ಎದ್ದು ಕೈ ತೊಳೆಯುತ್ತಿದ್ದರು. ಎಲೆಗಳಲ್ಲಿ ಶಾವಿಗೆ ಅರ್ಧಕ್ಕರ್ಧ ಹಾಗೇ ಇತ್ತು. ಓಂಕಾರೇಶನೊಬ್ಬ ಇನ್ನೂ ಕೂತಿದ್ದ. ಅವನ ಎಲೆಯೂ ಹಾಗೇ ಇತ್ತು, ಬಜ್ಜಿಗೆಂದು ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡಿದ್ದ.

"ಯಾಕ್ರಪ್ಪಾ, ಹುಳಿ ಬಂದಿತ್ತಾ?" ಎಂದರು ಕಲ್ಲಮ್ಮ. ತಟ್ಟೆಯಿಂದ ಒಂದು ಎಳೆ ತೆಗೆದು ತಾವೇ ಬಾಯಿಗಿಟ್ಟುಕೊಂಡು ನೋಡಿದರು.

ಪರಮೇಶ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ, "ಇಲ್ಲ ಕಣಮ್ಮಾ, ಭಾಳ ಚೆನ್ನಾಗೈತೆ. ಬಾಯಿಗಿಟ್ಟು ಬಿಟ್ಟೇಳಿ ಅಂತ ಓಂಕಾರೇಶನೇ ಹೇಳಿದ್ದು."

ಕಲ್ಲಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಇವನು ಬದುಕಿಕೊಳ್ಳುತ್ತಿದ್ದ. "ನಂಗೆ ಹೇಳಿದ್ರೆ ಅಷ್ಟೇ ಬಡಿಸ್ತಿದ್ನಲ್ಲೋ" ಎಂದರು, ಅಷ್ಟೇ.

ಓಂಕಾರೇಶನ ಮುಖಕ್ಕೆ ರಕ್ತವೆಲ್ಲ ನುಗ್ಗಿತು. ದೊಡ್ಡಮ್ಮ ಬೇಜಾರು ಮಾಡಿಕೊಂಡಾರು ಎಂದು ಹೆದರಿದ್ದೇ ಸುಳ್ಳಾಗಿತ್ತು. ತನ್ನ ಮೇಲೇ ತನಗೆ ಹೇಸಿಗೆಯಾಯಿತು. ಅಪ್ಪ ಬದುಕಿದ್ದು ಇದನ್ನು ನೋಡಿದ್ದರೆ ಎನ್ನಿಸಿತು. ಪಕ್ಕದ ಎಲೆಗಳಲ್ಲಿ ಉಳಿದದ್ದನ್ನೂ ತಾನೇ ಉಂಡುಬಿಡುತ್ತೇನೆಂದು ಕೈ ಚಾಚಿದ. "ಎಂಜಲು ಕಣೋ, ಬ್ಯಾಡ. ಹಸೂಗೆ ಹಾಕ್ತೀನಿ" ಎಂದು ದೊಡ್ಡಮ್ಮ ಅವನ್ನು ಒಂದೊಂದಾಗಿ ಎತ್ತಿಕೊಂಡರು.

"ನಡಿಯೋ, ಬಜ್ಜಿ ಕಾಯ್ತಾ ಐತೆ" ಎಂದು ಪರಮೇಶ್ ಅಂಗಳದಿಂದ ಕರೆದ. "ನೀವು ಹೋಗ್ರಪ್ಪಾ" ಎಂದ ಓಂಕಾರೇಶ, ಅವರ ಕಡೆ ತಿರುಗಲಿಲ್ಲ. ಅವರು ಹೋದರು. ಇವನು ತಲೆ ತಗ್ಗಿಸಿ ತನ್ನ ಎಲೆಯ ಶಾವಿಗೆಯನ್ನು ಬಾಚಿ ಬಾಚಿ ಉಂಡ, ಕಾಯಿಹಾಲನ್ನು ಬೆರಳಿನಿಂದ ಒರೆಸಿ ನೆಕ್ಕಿದ. ಎಲೆ ಬರಿದಾದ ಮೇಲೂ ಏಳಲಿಲ್ಲ. ಇನ್ನೊಂದು ಸಲ ಬಡಿಸಿಬಿಟ್ಟರೆ ಎಲ್ಲ ಸರಿಹೋದಂತೆ ಎಂದು ಚಿಕ್ಕ ಮಕ್ಕಳ ಹಾಗೆ ಕಾದ.

ಕಲ್ಲಮ್ಮ ಬಂದರು. ಶಾವಿಗೆಯ ತಟ್ಟೆ ಮತ್ತೆ ಕೈಯಲ್ಲಿತ್ತು. ಬಗ್ಗಿದವರು ಅರ್ಧಕ್ಕೇ ನಿಂತರು.

"ಎಷ್ಟು ಬಡಿಸ್ಲಪ್ಪಾ?" ಎಂದು ಕೇಳಿದರು.

ಅವನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ದೊಡ್ಡಮ್ಮ ತಟ್ಟೆ ಹಿಡಿದುಕೊಂಡು, ಅವನು ಹೇಳಲಿ ಎಂದು ಕಾಯುತ್ತಿದ್ದರು.