ಕುರಿಗಳ ಬಾಜು ನಿಂತ ಬೈಕು

ದೂರದ ಸಮುದ್ರ ಕಾದರೆ ನಮ್ಮ ಕಡೆಯ ಮಳೆ ಏನಾಗುತ್ತದೆ ಅಂತ ಊರೂರಿಗೆ ಹೋಗಿ ರೈತರಿಗೆ ಹೇಳುವುದು ನನ್ನ ಕೆಲಸ. ಆ ಮಧ್ಯಾಹ್ನ ಮೊರಬದ ಹತ್ತಿರ, ಒಣಗಿದ ಹಳ್ಳದೊಳಗೆ ಜಾಲಿಗಿಡದ ನೆರಳು ನೋಡಿ ಬೈಕು ನಿಲ್ಲಿಸಿದೆ. ದಂಡೆಯ ಮೇಲೆ ಕೂತಿದ್ದವರಿಗೆ ಹೇಳಿದೆ: "ಪೆಸಿಫಿಕ್ ಸಮುದ್ರ ಕಾದೈತ್ರಿ. ಇದಕ್ಕ ಎಲ್ ನಿನೊ ಅಂತಾರ. ಈ ಸಲ ಮಳಿ ಕಡಿಮಿ ಆಗೂ ಸಂಭವ ಹೆಚ್ಚೈತ್ರಿ."

ಕುರಿ ಕಾಯುವ ಕರಿಯಪ್ಪ ಕಾಕಾ ಕೋಲಿಗೆ ಗದ್ದ ಊರಿ ಕೇಳುತ್ತಿದ್ದರು. "ದಿನಾ ಕಡಿಮಿ ಏನ್ರಿ, ಒಟ್ಟ ಕಡಿಮಿ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. "ಇಡೀ ಹಂಗಾಮಕ್ಕ ಒಟ್ಟ ಕಡಿಮಿ, ಕಾಕಾ."

"ಹಂಗಾರ ಒಂದ ದಿನ ಜೋರ ಹೊಡಿಬಹುದಲ್ರಿ?"

"ಹೊಡಿಬಹುದ್ರಿ," ಅಂದೆ, ಸಣ್ಣ ದನಿಯಲ್ಲಿ.

"ಮತ್ತ ಗಾಡಿ ಮ್ಯಾಲ ತಗೋರಿ. ಧಾರವಾಡ ಕಡೆ ನೋಡ್ರಿ, ಹೆಂಗ ಕಪ್ಪಾಗೇತಿ. ನಾ ಆಗಲೇ ಕುರಿ ದಿಬ್ಬಕ್ಕ ಹೊಡದೀನಿ."

ನಮ್ಮ ತಲೆಯ ಮೇಲೆ ಚುರುಚುರು ಬಿಸಿಲು. ನಾನು ನಕ್ಕೆ. ಕಾಕಾ ನಗಲಿಲ್ಲ, ತಾವೇ ಇಳಿದು ಬೈಕು ನೂಕತೊಡಗಿದರು. ನಾಚಿಕೆಯಾಗಿ ನಾನೂ ಕೈಹಚ್ಚಿದೆ.

ತಾಸಿನೊಳಗೆ ಹಳ್ಳ ತುಂಬಿ ಬಂತು. ಮೊರಬದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮೇಲಿನ ಊರುಗಳ ಮಳೆ ಅದು. ಕೆಂಪು ನೀರಿನಲ್ಲಿ ಜಾಲಿಗಿಡದ ತುದಿ ಮಾತ್ರ ಕಾಣುತ್ತಿತ್ತು. ಕಾಕಾಗೆ ಕೈಮುಗಿದೆ.

"ನಿಮ್ಮ ಸಮುದ್ರದ ಮಾತ ಸುಳ್ಳಲ್ರಿ," ಅಂದರು. "ಹಳ್ಳಕ್ಕ ಯಾರೂ ಹೇಳಿರಲಿಲ್ಲ, ಅಷ್ಟ."

ಈಗಲೂ ಸಮುದ್ರದ ಸುದ್ದಿ ಹೇಳಲು ಊರೂರು ತಿರುಗುತ್ತೇನೆ. ಆದರೆ ಮೊದಲು ಕುರಿಗಳು ಎಲ್ಲಿವೆ ನೋಡಿ, ಅವುಗಳ ಬಾಜೂಕೇ ಬೈಕು ನಿಲ್ಲಿಸುತ್ತೇನೆ.