ಹಡಗಿನ ಬಾಗಿಲಲ್ಲಿ ಮೂರನೆಯ ಕೂಗು

ನನ್ನ ಅಳಿಯ ಮೂಡಲಗಿಯಲ್ಲಿ ಹನಿ ನೀರಾವರಿಯ ಪೈಪು ಮಾರುತ್ತಾನೆ. ಒಂದು ವರ್ಷ ಅದೆಷ್ಟು ಮಾರಿದನೋ, ಪೈಪಿನ ಕಂಪನಿಯವರು ಮನಸ್ಸು ಕರಗಿ, ಮುಂಬಯಿಯಿಂದ ಗೋವೆಗೆ ಹೋಗಿಬರುವ ದೊಡ್ಡ ಹಡಗಿನಲ್ಲಿ ಅವನನ್ನು ಕುಟುಂಬಸಮೇತ ತಿರುಗಾಡಿಸುವುದಾಗಿ ಘೋಷಿಸಿದರು. ಹೊಲಕ್ಕೆ ಹನಿಹನಿಯಾಗಿ ನೀರು ಬಿಡುವವನಿಗೆ ಸಮುದ್ರದ ಬಹುಮಾನ!

ಆ ಕುಟುಂಬದಲ್ಲಿ ಎಂಟು ವರ್ಷದ ನನ್ನ ಮೊಮ್ಮಗಳಿದ್ದಾಳೆ. ಬೆಳಗಾವಿಯ ಡಾಕ್ಟರರು ಅವಳಿಗೆ ಆಟಿಸಂ ಎಂದಿದ್ದಾರೆ. ಮಾತು ಕಡಿಮೆ, ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ನಿನ್ನೆ ನಡೆದಂತೆ ಇವತ್ತೂ ನಡೆಯಬೇಕು. ನಡೆಯದಿದ್ದರೆ ಹೆದರಿ ನೆಲಕ್ಕೆ ಕೂತುಬಿಡುತ್ತಾಳೆ. ಹೊಸ ಜಾಗದಲ್ಲಿ ಅವಳ ಬಳಿ ಒಬ್ಬರು ಇರಲೇಬೇಕು. ಹೀಗಾಗಿ ನನ್ನ ಮಗಳು ಮತ್ತು ಅಳಿಯ ಜೊತೆಯಾಗಿ ಕೂತು ಉಂಡು ವರ್ಷಗಳೇ ಆಗಿದ್ದವು. ಒಬ್ಬರು ಉಣ್ಣುವಾಗ ಇನ್ನೊಬ್ಬರದು ಕಾವಲಿನ ಪಾಳಿ.

ಹಡಗಿನಲ್ಲಿ ಮಕ್ಕಳಿಗೆಂದೇ ಒಂದು ಕ್ಲಬ್ ಇದೆಯಂತೆ. ಹುಡುಗರನ್ನು ಅಲ್ಲಿ ಆಡಲು ಬಿಟ್ಟು ದೊಡ್ಡವರು ಎಲ್ಲಿ ಬೇಕಾದರೂ ಹೋಗಬಹುದಂತೆ. ಮಗಳು ಇದನ್ನು ಓದಿ, "ಆಕಿ ಅದರಾಗ ಒಂದ ತಾಸು ನಿಂತ್ರ ಬರ್ತೀನಿ. ಇಲ್ಲಾಂದ್ರ ಮೂಡಲಗಿ ಬಿಟ್ಟು ಹಡಗದ ಖೋಲಿಯೊಳಗ ಆಕೀನ್ನ ಹಿಡಕೊಂಡು ಕೂಡಾಕ ನಾ ಯಾಕ ಬರ್ಲಿ?" ಎಂದಳು. ಮಾತು ನ್ಯಾಯವಾಗಿತ್ತು.

ಮೊಮ್ಮಗಳಿಗೆ ಹುಕ್ಕೇರಿಯಲ್ಲಿ ಒಬ್ಬ ಟೀಚರು ಪಾಠ ಹೇಳುತ್ತಾರೆ. ಇಂಥ ಮಕ್ಕಳ ಶಿಕ್ಷಣವನ್ನೇ ಕಲಿತವರು. ಅವರು ಕ್ಲಬ್ಬಿನ ಫೋಟೋಗಳನ್ನು ಕ್ರಮವಾಗಿ ಜೋಡಿಸಿಕೊಟ್ಟರು: ಬಾಗಿಲು, ಕೈಗೆ ಕಟ್ಟುವ ಪಟ್ಟಿ, ಆಟ, ಕೊನೆಗೆ ಅವ್ವ ಬರುವುದು. "ಮೊದಲ ಮನಿ ಹತ್ರ ಇದನ್ನ ಆಡಿಸ್ರಿ. ದಿನಾ ಒಂದ ನಮೂನಿ ಆಡಿಸ್ರಿ. ನಿಮ್ಮದೇನೂ ನಡುವ ಸೇರಸಬ್ಯಾಡ್ರಿ" ಎಂದರು. ಕೊನೆಯ ಮಾತನ್ನು ಹೇಳುವಾಗ ನನ್ನ ಕಡೆಗೇ ಏಕೆ ನೋಡಿದರೋ ತಿಳಿಯದು.

ಮಗಳು ಮೊಮ್ಮಗಳನ್ನು ಕರೆದುಕೊಂಡು ತವರಿಗೆ ಬಂದು ಉಳಿದಳು. ತಾಲೀಮು ಗೋಕಾಕದಲ್ಲಿ, ನಮ್ಮ ಮನೆಯ ಬಾಜೂಕಿನ ಗಾದಿ ಅಂಗಡಿಯಲ್ಲಿ ನಡೆಯಿತು. ಅಂಗಡಿಯ ಸಾಹೇಬರು ನನ್ನ ಓರಗೆಯವರು. ಅವರ ಅಪ್ಪ, ಅಜ್ಜ ಎಲ್ಲರೂ ಇದೇ ಓಣಿಯಲ್ಲಿ ಹತ್ತಿ ಹಿಂಜಿದವರು. ಬಣ್ಣದ ಫೋಮು, ಹತ್ತಿಯ ರಾಶಿ, ಹಿಂಜುವ ಮಶೀನಿನ ಗದ್ದಲ: ಕ್ಲಬ್ಬಿಗೆ ಇನ್ನೇನು ಬೇಕು? ಗಾದಿಯ ಅಂಚಿಗೆ ಹೊಲಿಯುವ ಪಟ್ಟಿಯನ್ನು ಕತ್ತರಿಸಿ ಕೈಗೆ ಕಟ್ಟಲು ಕೊಟ್ಟರು. ಕ್ಲಬ್ಬಿನ ಅಧಿಕಾರಿಯ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡೆ.

ಮೊದಲ ದಿನ ಮೊಮ್ಮಗಳು ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡು ಹೊಸ್ತಿಲ ಹೊರಗೆ ನಿಂತಳು. ಒಳಗೆ ಬರಲೊಲ್ಲಳು.

"ಕರಿಯೋ ಅಪ್ಪಾ" ಎಂದಳು ಮಗಳು.

ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಬೇಕು. ನಾನು ನಿವೃತ್ತನಾಗುವವರೆಗೆ ಗೋಕಾಕದ ಕೋರ್ಟಿನ ಬಾಗಿಲಲ್ಲಿ ನಿಂತು ಕೇಸಿನ ಪಕ್ಷಗಾರರ ಹೆಸರು ಕೂಗಿದವನು. ಹೆಸರನ್ನು ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೂ ಬಾರದವನು ಗೈರುಹಾಜರು. ನನ್ನ ಮೂರನೆಯ ಕೂಗಿಗೆ ಚಹಾದಂಗಡಿಯಲ್ಲಿದ್ದ ವಕೀಲರೂ ಬಶಿಯನ್ನು ಕೆಳಗಿಟ್ಟು ಓಡಿ ಬರುತ್ತಿದ್ದರು. ಕರೆಯುವುದೆಂದರೆ ನನಗೆ ಗೊತ್ತಿರುವ ರೀತಿ ಅದೊಂದೇ. ಎದೆಯುಬ್ಬಿಸಿ, ಮೊಮ್ಮಗಳ ಹೆಸರನ್ನು ತಂದೆಯ ಹೆಸರು ಮತ್ತು ಮನೆತನದ ಹೆಸರಿನೊಂದಿಗೆ ಮೂರು ಸಲ ಕೂಗಿ, ಕೊನೆಗೆ "ಹಾಜರ್!" ಎಂದೆ. ಹೆಡ್‌ಫೋನ್ ದಾಟಿ ಕೂಗು ಹದವಾಗಿ ಕಿವಿ ಸೇರಿರಬೇಕು, ಮೊಮ್ಮಗಳು ತಲೆ ಎತ್ತಿದಳು. ಅವಳ ಮುಖದಲ್ಲಿ ನಗು ಕಾಣಿಸಿತು. ಗಂಭೀರವಾಗಿ ಹೊಸ್ತಿಲು ದಾಟಿ, ಕೈ ಮುಂದೆ ಚಾಚಿದಳು. ಪಟ್ಟಿ ಕಟ್ಟಿದೆ.

ಅಲ್ಲಿಂದ ಮುಂದೆ ಕೂಗಿಲ್ಲದೆ ಕ್ಲಬ್ಬಿಲ್ಲ. ಒಂದನೆಯ ಕೂಗಿಗೆ ಅವಳು ಒಂದು ಬೆರಳು ಎತ್ತುತ್ತಿದ್ದಳು, ಎರಡನೆಯದಕ್ಕೆ ಎರಡು. ಮೂರಾದ ಮೇಲೆಯೇ ಒಳಗೆ ಹೆಜ್ಜೆ. ಅವ್ವ ಮೊದಲು ಅಂಗಡಿಯ ಮೂಲೆಯಲ್ಲಿ ಕೂತಳು, ಆಮೇಲೆ ಕಟ್ಟೆಯ ಮೇಲೆ, ಕೊನೆಗೆ ಬಜಾರಿಗೇ ಹೋಗಿಬಂದಳು. ಹುಡುಗಿ ಹತ್ತಿಯ ರಾಶಿಯಲ್ಲಿ ಕುತ್ತಿಗೆಯವರೆಗೆ ಹೂತುಕೊಂಡು ಆರಾಮ ಇದ್ದಳು.

"ಕೋರ್ಟ್ ಸಾಹೇಬ್ರ," ಎಂದರು ಅಂಗಡಿಯವರು, "ನೀವು ಒದರೂದು ಕೇಳಿ ನಿನ್ನೆ ಒಬ್ಬ ಗಿರಾಕಿ ಗಾದಿ ಬಿಟ್ಟು ಓಡಿದ. ಅವಂದೇನರ ಕೇಸ್ ಇತ್ತೇನ್ ನೋಡ್ರಿ."

ಮಗಳಿಗೆ ಮಾತ್ರ ಸಂಶಯ. "ಅಪ್ಪಾ, ಹಡಗದಾಗ ಹಿಂಗ ಯಾರು ಒದರ್ತಾರ?"

"ಕರಿಯೂದು ಎಲ್ಲಾ ಕಡೆ ಒಂದ ಇರ್ತೈತಿ" ಎಂದೆ, ಜಗತ್ತಿನ ಎಲ್ಲ ಬಾಗಿಲುಗಳ ಪರವಾಗಿ.

ನನ್ನ ಟಿಕೆಟ್ಟು ನಾನೇ ತೆಗೆಸಿದೆ. ಹೆಂಡತಿಯನ್ನೂ ಕರೆದೆ. "ನೀರಾಗ ಮಲಗಾಕ ನಾ ಏನ್ ಎಮ್ಮಿ ಏನ್ರಿ?" ಎಂದು ಕೇಳಿದಳು. ಈ ಪ್ರಶ್ನೆಗೆ ಗಂಡನಾದವನು ಉತ್ತರ ಕೊಡಬಾರದು. ನನ್ನ ಒಬ್ಬನ ಚೀಲ ಕಟ್ಟಿದೆ.

ಹಡಗು ಹತ್ತಿದ ಮೇಲೆ ಮಗಳು ಒಂದು ಷರತ್ತು ಹಾಕಿದಳು. ಕ್ಲಬ್ಬಿನ ಹತ್ತಿರ ನಾನು ಸುಳಿಯಬಾರದು. ನಾನು ಸುಳಿಯಲಿಲ್ಲ, ಕಂಬದ ಹಿಂದೆ ನಿಂತಿದ್ದೆ.

ಕ್ಲಬ್ಬಿನ ಬಾಗಿಲಲ್ಲಿ ಹಿಂದಿ ಮಾತಾಡುವ ಹುಡುಗಿಯೊಬ್ಬಳು ಮೊಣಕಾಲೂರಿ ಕೂತು, ನಗುತ್ತ, ಮೆಲ್ಲಗೆ ಮೊಮ್ಮಗಳ ಹೆಸರು ಹಿಡಿದು ಕರೆದಳು. ಮೊಮ್ಮಗಳು ಒಂದು ಬೆರಳು ಎತ್ತಿದಳು. ಹುಡುಗಿ ಇನ್ನೊಮ್ಮೆ ಕರೆದಳು. ಎರಡು ಬೆರಳು. ಆಮೇಲೆ ಆ ಹುಡುಗಿ ಸುಮ್ಮನಾದಳು. ಮಗುವಿಗೆ ಒತ್ತಾಯ ಮಾಡಬಾರದೆಂದು ಅವಳಿಗೆ ಕಲಿಸಿದ್ದರಂತೆ, ಒಳ್ಳೆಯದನ್ನೇ ಕಲಿಸಿದ್ದರು. ಎರಡು ಬೆರಳು ಗಾಳಿಯಲ್ಲಿ ಹಾಗೆಯೇ ನಿಂತವು. ಬೇರೆ ಮಕ್ಕಳು ಅಕ್ಕಪಕ್ಕದಿಂದ ಒಳಗೆ ನುಗ್ಗಿದರು. ಮೊಮ್ಮಗಳು ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಂಡಳು. ಇನ್ನೇನು ನೆಲಕ್ಕೆ ಕೂಡುತ್ತಾಳೆ.

ಮಗಳು ಹಿಂದಕ್ಕೆ ತಿರುಗಲೂ ಇಲ್ಲ. "ಅಪ್ಪಾ, ಕಂಬದ ಹಿಂದ ಅದಿ ಅಂತ ಗೊತ್ತೈತಿ. ಒದರು!"

ನಾನು ಸುತ್ತ ನೋಡಿದೆ. ಕಾಲು ಹೂಳುವಂಥ ಗಾಲೀಚೆ, ಜೋತಾಡುವ ದೀಪಗಳು, ಚಡ್ಡಿ ತೊಟ್ಟು ಕಾಫಿ ಕುಡಿಯುತ್ತಿದ್ದ, ಅಳಿಯನಂತೆಯೇ ಬಹುಮಾನ ಗೆದ್ದ ಪೈಪಿನ ವ್ಯಾಪಾರಿಗಳು. ನಾಚಿಕೆಯಾಯಿತು. ಆದರೂ ಕರ್ತವ್ಯ. ಕಂಬ ಬಿಟ್ಟು ಮುಂದೆ ಬಂದು, ತಂದೆಯ ಹೆಸರು, ಮನೆತನದ ಹೆಸರು ಸಹಿತ ಮೂರನೆಯ ಕೂಗು ಹಾಕಿದೆ. "ಹಾಜರ್!"

ಇಡೀ ಅಂತಸ್ತು ನನ್ನ ಕಡೆ ತಿರುಗಿತು. ಸಂಕೇಶ್ವರದ ಒಬ್ಬ ವ್ಯಾಪಾರಿ ಕೈಯಲ್ಲಿ ಕಪ್ಪು ಹಿಡಿದುಕೊಂಡೇ ಎದ್ದು ನಿಂತ. ಗೋಕಾಕದ ಕಡೆಯ ಅವನ ಹೊಲದ ತಂಟೆ ಬಹಳ ಕಾಲ ನಮ್ಮ ಕೋರ್ಟಿನಲ್ಲಿತ್ತು. "ಕೂಡ್ರಿ, ನಿಮ್ಮದಲ್ಲ" ಎಂದು ಕೈಸನ್ನೆ ಮಾಡಿದೆ. ಕೂತ.

ಮೊಮ್ಮಗಳು ಮೂರು ಬೆರಳು ಎತ್ತಿ, ಬಾಗಿಲು ದಾಟಿ, ಪಟ್ಟಿಗಾಗಿ ಕೈ ಚಾಚಿದಳು. ಬಾಗಿಲ ಹುಡುಗಿಗೆ ಅಳಿಯ ಎಲ್ಲವನ್ನೂ ತನ್ನ ಪೈಪು ಮಾರುವ ಹಿಂದಿಯಲ್ಲಿ ವಿವರಿಸಿದ. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು.

ಒಂದು ತಾಸಿನ ಮಟ್ಟಿಗೆ ಸಿಕ್ಕ ಸ್ವಾತಂತ್ರ್ಯವನ್ನು ಮಗಳೂ ಅಳಿಯನೂ ಹೇಗೆ ಕಳೆದರು? ಕ್ಲಬ್ಬಿನ ಗೋಡೆಗೆ ಬೆನ್ನು ಹಚ್ಚಿ ನಿಂತು ಕಳೆದರು. ಅಳುವಿನ ಸದ್ದು ಬಂದೀತೆಂದು ಕಿವಿ ಕೊಟ್ಟು ನಿಂತರು. ಬರಲಿಲ್ಲ. ಹೊತ್ತು ಮುಗಿದ ಕೂಡಲೇ ಮಗಳು ಒಳಗೆ ಓಡಿದಳು, ಓಡಿದಷ್ಟೇ ಬೇಗ ಹೊರಗೆ ಬಂದಳು.

"ಚೆಂಡಿನ ರಾಶಿಯೊಳಗ ಹೂತಕೊಂಡು ಕುಂತಾಳ. ನಾ ಕೈ ಹಿಡದ್ರ ನನ್ನ ಕೈ ಸರಸಿದ್ಳು. ಇನ್ನೊಂದ ತಾಸು ಇರ್ಬೋದಂತ!" ಅವಳ ದನಿಯಲ್ಲಿ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಗಿತ್ತು.

"ಮತ್ತ ಈಗ ಏನ್ ಮಾಡೂದು?" ಎಂದು ಅಳಿಯ ಕೇಳಿದ. ಮದುವೆಯಾಗಿ ಹನ್ನೊಂದು ವರ್ಷವಾದ ಗಂಡಸು, ಹೆಣ್ಣು ನೋಡಲು ಬಂದವನಂತೆ ನೆಲ ನೋಡುತ್ತ ಕೇಳಿದ.

"ಹೋಗಿ ಉಣ್ರಿ. ಇಲ್ಲಿ ನಾ ಅದೀನಿ" ಎಂದೆ.

ಹೋದರು. ಸ್ವಲ್ಪ ಹೊತ್ತಾದ ಮೇಲೆ, ಏನು ಉಂಡರೋ ನೋಡೋಣವೆಂದು ಗಾಜಿನಾಚೆಯಿಂದ ಇಣುಕಿದೆ. ಇಬ್ಬರೂ ಎದುರುಬದುರು ಕೂತು, ಸಮುದ್ರದ ಕಡೆಗೆ ಕಣ್ಣೆತ್ತಿಯೂ ನೋಡದೆ, ಜೋರಾಗಿ ಜಗಳವಾಡುತ್ತಿದ್ದರು. ಒಳಗಿಂದ ಬಂದ ಮಾಣಿಯನ್ನು ನಿಲ್ಲಿಸಿ, ಜಗಳ ಏತಕ್ಕೆಂದು ಕೇಳಿದೆ. ಆ ಭಾಷೆ ತನಗೆ ತಿಳಿಯದು, 'ಮೂಡಲಗಿ', 'ಬಣ್ಣ' ಎಂಬ ಎರಡು ಮಾತಷ್ಟೇ ಕೇಳಿಸಿತು ಎಂದ. ಮನೆಗೆ ಯಾವ ಬಣ್ಣ ಹಚ್ಚಬೇಕೆಂಬ ಜಗಳವಿರಬೇಕು. ಇಷ್ಟು ಸಾವಕಾಶವಾಗಿ, ಬಿಸಿ ಅನ್ನ ಮುಂದಿಟ್ಟುಕೊಂಡು, ಇಬ್ಬರೂ ಕೂತು ಜಗಳಾಡುವಷ್ಟು ಪುರುಸೊತ್ತು ಅವರಿಗೆ ವರ್ಷಗಳಿಂದ ಸಿಕ್ಕಿರಲಿಲ್ಲ. ನಾನು ಮಾಣಿಗೆ, ಆ ಮೇಜಿನ ಹತ್ತಿರ ಯಾರನ್ನೂ ಬಿಡಬೇಡ ಎಂದು ಹೇಳಿ, ಕ್ಲಬ್ಬಿನ ಬಾಗಿಲಿಗೆ ವಾಪಸು ಬಂದು ನಿಂತೆ.